ಧರ್ಮಾದಾಯ: ಸಣ್ಣ ದಾನಕ್ಕೂ ಶುದ್ಧ ಲೆಕ್ಕ ಬೇಕು

ಹಳೆಯ ಅಡತಿ ಅಂಗಡಿಗಳ ಕೀರ್ದಿ-ಖತಾವಣಿಗಳನ್ನು ನೋಡಿದವರಿಗೆ ‘ಧರ್ಮಾದಾಯ’ ಎಂಬ ಖಾತೆ ಪರಿಚಿತವಾದುದೇ. ವ್ಯವಹಾರದ ಪಟ್ಟಿಯಲ್ಲಿ ಚೀಲಕ್ಕೆ ಇಷ್ಟು ಅಥವಾ ನೂರಕ್ಕೆ ಇಷ್ಟು ಎಂದು ಅತ್ಯಲ್ಪ ಮೊತ್ತವನ್ನು ಧರ್ಮಕ್ಕಾಗಿ ತೆಗೆದಿರಿಸಿ, ಅದನ್ನು ಅನ್ನಛತ್ರ, ವಿದ್ಯಾರ್ಥಿ ನಿಲಯ, ಗೋಶಾಲೆ, ಬಡವರ ಔಷಧೋಪಚಾರ ಮುಂತಾದವುಗಳಿಗೆ ವಿನಿಯೋಗಿಸುವುದು ಭಾರತದ ವ್ಯಾಪಾರಿ ಸಮುದಾಯದ ಹಳೆಯ ರೂಢಿ. ಕೊಡುವವನಿಗೆ ಹೊರೆಯಾಗದ ಹಣ ಹಲವರಿಂದ ಕೂಡಿದಾಗ ಒಂದು ಕುಟುಂಬವನ್ನು ನಿಲ್ಲಿಸಬಲ್ಲದು. ಇಂದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪೇಟೆಗಳಲ್ಲಿ ಈ ರೂಢಿಯನ್ನು ಕ್ರಮಬದ್ಧವಾಗಿ ನಡೆಸಬೇಕಾದರೆ ಯಾವ ಅಂಶಗಳನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಗತ್ಯವೇನು?

ನಮ್ಮ ವ್ಯಾಪಾರ-ಉದ್ದಿಮೆ ನಿಂತಿರುವುದು ಹಮಾಲರು, ನೇಕಾರರು, ಗಾಡಿ ಚಾಲಕರು ಮತ್ತು ಅಂಗಡಿಯ ಗುಮಾಸ್ತರ ದುಡಿಮೆಯ ಮೇಲೆ. ಇವರಲ್ಲಿ ಬಹುತೇಕರಿಗೆ ದುಡಿದ ದಿನದ ಕೂಲಿಯೇ ಆದಾಯ. ಮನೆಯ ಯಜಮಾನ ಹಾಸಿಗೆ ಹಿಡಿದರೆ ಒಂದೆಡೆ ಖರ್ಚು ಏರುತ್ತದೆ, ಮತ್ತೊಂದೆಡೆ ಆದಾಯ ನಿಲ್ಲುತ್ತದೆ. ಆಗ ಐದು-ಹತ್ತು ಸಾವಿರ ರೂಪಾಯಿಗಾಗಿ ಮಾಡಿದ ಕೈಸಾಲ ಹೆಚ್ಚಿನ ಬಡ್ಡಿಯಿಂದ ಬೆಳೆದು, ಮೂಲ ಕಷ್ಟಕ್ಕಿಂತ ದೊಡ್ಡ ಕಷ್ಟವಾಗುತ್ತದೆ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರವು 2025ರಲ್ಲಿ ಕಿರುಸಾಲ ಕುರಿತು ಪ್ರತ್ಯೇಕ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದು ಸಮಸ್ಯೆಯ ಆಳವನ್ನು ತೋರಿಸುತ್ತದೆ. ಕಾನೂನು ಕಿರುಕುಳವನ್ನು ತಡೆಯಬಹುದು. ಆದರೆ ಸಾಲ ಮಾಡುವ ಅನಿವಾರ್ಯತೆಯನ್ನು ತಪ್ಪಿಸುವುದು ಸಕಾಲದ ನೆರವು ಮಾತ್ರ.

ಈ ನೆಲದ ಪರಂಪರೆ

ಸಣ್ಣ ಮೊತ್ತಗಳ ಶಕ್ತಿಯನ್ನು ನಮ್ಮ ಭಾಗದವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಗುರಿಯಾಗಿತ್ತು. ಅದು ದಾನವಲ್ಲ, ಪರಸ್ಪರ ಸಹಾಯ. ಆದರೂ ಹಲವರ ಅಲ್ಪ ಹಣ ಒಬ್ಬನ ಆಪತ್ತಿಗೆ ಒದಗುವ ತತ್ತ್ವ ಒಂದೇ.

ದಾನದ ಉದಾಹರಣೆಯಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರ ಗವಾಯಿಗಳು ಹಾಗೂ ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಅಂಧರಿಗೂ ಅನಾಥರಿಗೂ ಅನ್ನ, ಆಶ್ರಯ ಮತ್ತು ಸಂಗೀತ ವಿದ್ಯೆಯನ್ನು ನೀಡಿದ್ದು ಭಕ್ತರ ಕಾಣಿಕೆ, ದವಸ-ಧಾನ್ಯ ಮತ್ತು ನಾಟಕ ಕಂಪನಿಯ ಗಳಿಕೆಯನ್ನು ನಂಬಿ. ಊರೂರಿನಲ್ಲಿ ನಡೆದ ನಾಣ್ಯಗಳ ತುಲಾಭಾರವೂ ಕಿರುದಾನಗಳ ಮೊತ್ತವೇ ಆಗಿತ್ತು.

ಕಾನೂನಿನ ದೃಷ್ಟಿ

ಸ್ವಾತಂತ್ರ್ಯಪೂರ್ವದಲ್ಲಿ ಗದಗ ಮುಂಬಯಿ ಪ್ರಾಂತಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಸಂಸ್ಥಾನಗಳು ವಿಲೀನವಾದ ಮೇಲೆ ಇವೆಲ್ಲ ಮುಂಬಯಿ ಆಡಳಿತದ ಕೆಳಗೆ ಬಂದವು. ಆ ರಾಜ್ಯದ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯ 54ನೆಯ ಕಲಂ ಧರ್ಮಾದಾಯವನ್ನು ಕುರಿತದ್ದೇ ಆಗಿದೆ. ವ್ಯಾಪಾರದ ರೂಢಿಯಂತೆ ಧರ್ಮಕ್ಕೆಂದು ವಸೂಲು ಮಾಡಿದ ಹಣಕ್ಕೆ ವ್ಯಾಪಾರಿಯು ಒಡೆಯನಲ್ಲ, ವಿಶ್ವಸ್ತ ಮಾತ್ರ. ಅವನು ಅದರ ಲೆಕ್ಕವನ್ನು ವರ್ಷಂಪ್ರತಿ ಅಧಿಕಾರಿಗೆ ಒಪ್ಪಿಸಬೇಕು ಎಂಬುದು ಆ ಕಲಮಿನ ಸಾರ.

ಸರ್ವೋಚ್ಚ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ನಡೆದಿದೆ. ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ (1979ರ ತೀರ್ಪು ವರದಿ), ಗಿರಾಕಿಗಳಿಂದ ಧರ್ಮಾದಾಯವೆಂದು ಪಡೆದ ಹಣ ಮೊದಲಿನಿಂದಲೇ ಧರ್ಮಕಾರ್ಯದ ಹೊಣೆಯೊಡನೆ ಬರುವುದರಿಂದ ಅದು ವ್ಯಾಪಾರಿಯ ಆದಾಯವಲ್ಲ ಎಂದು ತೀರ್ಮಾನವಾಯಿತು. 2019ರ ಡಿ.ಜೆ. ಮಾಲಪಾಣಿ ಪ್ರಕರಣದಲ್ಲಿ, ಗಿರಾಕಿಯು ಸ್ವಇಚ್ಛೆಯಿಂದ ಕೊಟ್ಟ ಧರ್ಮಾದಾಯವನ್ನು ಅಬಕಾರಿ ಸುಂಕಕ್ಕಾಗಿ ಸರಕಿನ ಬೆಲೆಯಲ್ಲಿ ಸೇರಿಸಲಾಗದು ಎಂದು ಹೇಳಲಾಯಿತು. ಎರಡೂ ತೀರ್ಪುಗಳಿಂದ ತಿಳಿಯಬೇಕಾದದ್ದು ಇಷ್ಟು: ಹಣ ಪ್ರತ್ಯೇಕವಾಗಿರಬೇಕು, ಸ್ವಇಚ್ಛೆಯದ್ದಾಗಿರಬೇಕು, ಧರ್ಮಕ್ಕೇ ಹೋಗಬೇಕು. ಈಗಿನ ತೆರಿಗೆ ನಿಯಮಗಳಿಗೆ ಇವು ಹೇಗೆ ಅನ್ವಯಿಸುತ್ತವೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಲೆಕ್ಕ ಪರಿಶೋಧಕರಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ರೈತನ ಪಟ್ಟಿಗೆ ಕೈ ಹಾಕಬಾರದು

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಿಯಂತ್ರಿತ ಮಾರುಕಟ್ಟೆಯಲ್ಲಿ ರೈತನ ಮಾಲಿನ ಹಣದಿಂದ ಅನಧಿಕೃತ ಕಡಿತಕ್ಕೆ ಅವಕಾಶವಿಲ್ಲ. ಶೇಂಗಾ, ಹೆಸರು, ಮೆಣಸಿನಕಾಯಿ ತಂದ ರೈತನೂ ಎಷ್ಟೋ ಬಾರಿ ನೆರವಿಗೆ ಅರ್ಹನೇ ಆಗಿರುತ್ತಾನೆ. ಅವನ ಪಟ್ಟಿಯಲ್ಲಿ ಹತ್ತು ರೂಪಾಯಿ ಕಡಿದು ಇನ್ನೊಬ್ಬ ಬಡವನಿಗೆ ಕೊಡುವುದು ದಾನವಾಗದು. ವ್ಯಾಪಾರಿಯು ತನ್ನ ಅಡತಿಯಿಂದ, ಉತ್ಪಾದಕನು ತನ್ನ ಲಾಭದಿಂದ ಕೊಟ್ಟದ್ದೇ ನಿಜವಾದ ಧರ್ಮಾದಾಯ.

ವ್ಯವಸ್ಥೆ ಹೇಗಿರಬೇಕು?

ಉದಾಹರಣೆಗಾಗಿ ಒಂದು ಲೆಕ್ಕ ನೋಡೋಣ. ಒಂದು ಪೇಟೆಯ 200 ಅಂಗಡಿಗಳು ದಿನಕ್ಕೆ 10 ರೂಪಾಯಿಯಂತೆ ತಿಂಗಳಿಗೆ 25 ದಿನ ತೆಗೆದಿರಿಸಿದರೆ 50,000 ರೂಪಾಯಿ, ವರ್ಷಕ್ಕೆ 6 ಲಕ್ಷ ರೂಪಾಯಿ ಆಗುತ್ತದೆ. ಒಂದು ಕುಟುಂಬಕ್ಕೆ ಸರಾಸರಿ 10,000 ರೂಪಾಯಿ ಕೊಟ್ಟರೂ 60 ಕುಟುಂಬಗಳಿಗೆ ಆಸರೆಯಾಗುತ್ತದೆ. ಇದಕ್ಕೆ ಕೆಳಗಿನ ಕ್ರಮಗಳು ಅಗತ್ಯ.

1. ನಿಧಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ಇಬ್ಬರ ಸಹಿಯಿಲ್ಲದೆ ಹಣ ತೆಗೆಯುವಂತಿರಬಾರದು. ಯಾರ ಅಂಗಡಿಯ ರೋಕಡಿಯಲ್ಲೂ ಅದು ಬೆರೆಯಬಾರದು.

2. ಎಷ್ಟು ಸಣ್ಣ ಮೊತ್ತಕ್ಕೂ ಪಾವತಿ ಇರಬೇಕು. ಆದಾಯ ತೆರಿಗೆಯ ರಿಯಾಯಿತಿ ಬಯಸುವವರು, ಮಾನ್ಯತೆ ಪಡೆದ ಸಂಸ್ಥೆಗೂ ನಗದಾಗಿ ಕೊಟ್ಟ ದಾನ 2,000 ರೂಪಾಯಿ ಮೀರಿದರೆ 2017ರ ತಿದ್ದುಪಡಿಯಿಂದ ರಿಯಾಯಿತಿ ದೊರೆಯದು ಎಂಬುದನ್ನು ನೆನಪಿಡಬೇಕು.

3. ಕೋರಿಕೆಯನ್ನು ಪರಿಶೀಲಿಸಲು ವಿವಿಧ ಓಣಿ ಹಾಗೂ ಸಮುದಾಯಗಳ ಐವರ ಸಮಿತಿ ಇರಲಿ. ಅರ್ಜಿದಾರನ ಸಂಬಂಧಿಯು ಆ ನಿರ್ಣಯದಿಂದ ದೂರವಿರಬೇಕು.

4. ಸಾಧ್ಯವಿದ್ದಲ್ಲಿ ಹಣವನ್ನು ಔಷಧ ಅಂಗಡಿಗೆ, ಶಾಲೆಗೆ ಅಥವಾ ಕಿರಾಣಿ ಅಂಗಡಿಗೆ ನೇರವಾಗಿ ಸಂದಾಯ ಮಾಡಬೇಕು.

5. ಜಮಾ-ಖರ್ಚನ್ನು ತಿಂಗಳಿಗೊಮ್ಮೆ ಫಲಕದಲ್ಲಿ ಪ್ರಕಟಿಸಬೇಕು. ನೆರವು ಪಡೆದವರ ಹೆಸರು ಮತ್ತು ಭಾವಚಿತ್ರಗಳನ್ನು ಮಾತ್ರ ಪ್ರಕಟಿಸಬಾರದು.

ಕೊನೆಯ ಅಂಶ ಬಹು ಮುಖ್ಯ. ನಿನ್ನೆಯವರೆಗೆ ನಮ್ಮೊಡನೆ ತಲೆಯೆತ್ತಿ ವ್ಯವಹರಿಸಿದ ನೇಕಾರನು ಹಾರ ಹಾಕಿದ ವೇದಿಕೆಯ ಮೇಲೆ ಕೈಯೊಡ್ಡಿ ನಿಲ್ಲುವುದಾದರೆ, ಅವನು ನೆರವಿಗಿಂತ ಸಾಲವನ್ನೇ ಆರಿಸಿಕೊಳ್ಳುತ್ತಾನೆ. ಹಾಗಾದರೆ ನಿಧಿಯ ಉದ್ದೇಶವೇ ವಿಫಲವಾದಂತೆ.

ನಿಧಿಯ ಮಿತಿ

ಕಿರುದಾನದ ನಿಧಿಯು ದೊಡ್ಡ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಹೊರಲಾರದು. ಅದಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಂತಹ ಯೋಜನೆಗಳಿವೆ. ಸಹಕಾರಿ ಸಂಘಗಳ ಸದಸ್ಯರಿಗೆ, 2003ರಲ್ಲಿ ಕಾರ್ಯಾರಂಭಿಸಿ, 2018ರಲ್ಲಿ ನಿಂತು, ಮತ್ತೆ ಪುನರಾರಂಭಗೊಂಡ ಯಶಸ್ವಿನಿ ಇದೆ. ಆದರೆ ರೋಗಿಯೊಡನೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವರ ಊಟ-ಬಸ್ಸಿನ ಖರ್ಚು, ತಪ್ಪಿದ ಕೂಲಿ, ಮನೆಯಲ್ಲಿ ಉಳಿದ ಮಕ್ಕಳ ರೇಷನ್ನು, ಶಾಲೆಯ ಶುಲ್ಕ ಇವು ಯಾವ ಯೋಜನೆಯ ಕಾಗದದಲ್ಲೂ ಸುಲಭವಾಗಿ ಸೇರುವುದಿಲ್ಲ. ಕೈಸಾಲ ಹುಟ್ಟುವುದು ಇಂತಹ ಖರ್ಚಿನಿಂದಲೇ. ಅರ್ಹ ಕುಟುಂಬಕ್ಕೆ ಸರಕಾರಿ ಯೋಜನೆಯ ಅರ್ಜಿ ತುಂಬಿಸಿಕೊಡುವುದು ಹಾಗೂ ಅದು ಮುಟ್ಟದ ಖರ್ಚನ್ನು ನಿಧಿಯಿಂದ ಭರಿಸುವುದು, ಈ ಎರಡು ಕೆಲಸಗಳನ್ನು ಸಮಿತಿ ಒಟ್ಟಿಗೆ ಮಾಡಬೇಕು.

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಕೀರ್ದಿ ತೆರೆಯುವ ಸಂಪ್ರದಾಯ ನಮ್ಮಲ್ಲಿನ್ನೂ ಉಳಿದಿದೆ. ಗಣಕಯಂತ್ರದಲ್ಲಿ ಲೆಕ್ಕವಿಡುವವರಿಗೂ ಒಂದು ಹೊಸ ಖಾತೆ ತೆರೆಯಲು ಕ್ಷಣಮಾತ್ರ ಸಾಕು. ನಾಲ್ಕೂ ಪೇಟೆಗಳ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರು ಬರುವ ಲೆಕ್ಕದ ವರ್ಷದಿಂದ ಧರ್ಮಾದಾಯದ ಖಾತೆಯನ್ನು ಆರಂಭಿಸುವ ಕುರಿತು ತಮ್ಮ ತಮ್ಮ ಸಂಘಗಳ ಸಭೆಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳುವುದು ಉಚಿತ.