ಪಶ್ಚಾತ್ತಾಪ: ಬೆಂದ ಮನಸ್ಸು, ಬೇಯದ ಮನಸ್ಸು

(ಬಾಂಗ್ಸಾರಿನಲ್ಲಿ ಕನ್ನಡ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಕಡಲಾಚೆಯ ಈ ನೆಲದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೂ ತಪ್ಪದೆ ದೊರೆಯುವ ಕನ್ನಡದ ಕಥೆಯೊಂದಿದ್ದರೆ ಅದು ಗೋವಿನ ಹಾಡು. ಕೊಟ್ಟ ಮಾತಿನಂತೆ ಹಿಂದಿರುಗಿ ಬಂದ ಪುಣ್ಯಕೋಟಿಯನ್ನು ಕಂಡು, ಅರ್ಬುತನೆಂಬ ಹುಲಿ ಅವಳನ್ನು ಒಡಹುಟ್ಟಿದವಳೆಂದು ಬಗೆದು, ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಹಾಡನ್ನು ಕಲಿಸುವಾಗ ನಾವು ಹಸುವಿನ ಸತ್ಯವನ್ನು ಹೊಗಳಿ ಮುಗಿಸುತ್ತೇವೆ. ಮಕ್ಕಳಾದರೋ ಹುಲಿಯ ಕಡೆಗೆ ತಿರುಗುತ್ತಾರೆ: “ಹಸುವನ್ನು ಬಿಟ್ಟು ಕಳುಹಿಸಿದ್ದರೆ ಸಾಕಿತ್ತಲ್ಲ, ಹುಲಿ ಏಕೆ ಸಾಯಬೇಕಿತ್ತು?” ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಇಂದಿನ ನಮ್ಮ ವಿಷಯವೆಲ್ಲ ಅದರೊಳಗೇ ಅಡಗಿದೆ.

ಪಶ್ಚಾತ್ ಎಂದರೆ ಬಳಿಕ, ತಾಪವೆಂದರೆ ಸುಡುವಿಕೆ. ಮಾಡಿದ ಮೇಲೆ ಒಳಗೆ ಸುಡುವುದೇ ಪಶ್ಚಾತ್ತಾಪ. ಇದನ್ನು ನೆರೆಹೊರೆಯ ಭಾವಗಳಿಂದ ಬೇರ್ಪಡಿಸಿ ನೋಡಬೇಕು. ಊರಿನಲ್ಲಿ ತಾಯಿಯ ಕೊನೆಗಾಲಕ್ಕೆ ವಿಮಾನ ಹಿಡಿದು ಹೋಗುವಷ್ಟರಲ್ಲಿ ತಡವಾಯಿತೆಂದು ಮರುಗುವುದು ವಿಷಾದ. ಅಲ್ಲಿ ತಪ್ಪು ಇದ್ದೇ ಇರಬೇಕೆಂದಿಲ್ಲ. ಸಿಕ್ಕಿಬಿದ್ದರೆ ಗತಿಯೇನೆಂಬುದು ಭಯ. ನಾಲ್ಕು ಜನ ಏನೆಂದಾರು ಎಂಬುದು ನಾಚಿಕೆ. ಅದರ ಕಣ್ಣು ತನ್ನ ಮೇಲೆಯೇ ನೆಟ್ಟಿರುತ್ತದೆ. ಪಶ್ಚಾತ್ತಾಪದ ಕಣ್ಣು ಮಾತ್ರ ತನ್ನಿಂದ ನೊಂದವರ ಮೇಲಿರುತ್ತದೆ.

ಈ ಭೇದವನ್ನು ನಮ್ಮ ಹಳಗನ್ನಡದ ಕವಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನ ‘ರಾಮಚಂದ್ರ ಚರಿತ ಪುರಾಣ’ದ ರಾವಣನನ್ನು ನೋಡಿ. ಜೈನ ಪರಂಪರೆಯ ಈ ರಾಮಾಯಣದಲ್ಲಿ ಅವನು ರಾಕ್ಷಸನಲ್ಲ. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದ ವೀರ. ಸೀತೆಯ ಅಚಲವಾದ ನಿಷ್ಠೆಯನ್ನು ಕಂಡಾಗ ಅವನ ಮೋಹ ಕಳಚುತ್ತದೆ. ಇಂಥವಳನ್ನು ಪತಿಯಿಂದ ಅಗಲಿಸಿದೆನಲ್ಲ, ಹಿತ ನುಡಿದ ವಿಭೀಷಣನನ್ನು ದೂರ ಮಾಡಿದೆನಲ್ಲ ಎಂದು ಮನಸ್ಸು ಬೇಯುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ತನ್ನನ್ನು ಹೇಡಿಯೆಂದೀತು. ಆದ್ದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಆಮೇಲೆ ಸೀತೆಯನ್ನು ಗೌರವದಿಂದ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಆ ಯುದ್ಧದಲ್ಲಿಯೇ ಅಳಿಯುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಈ ಪಾತ್ರದಲ್ಲಿ ದುರಂತ ನಾಯಕನನ್ನು ಗುರುತಿಸಿದುದು ಸುಪ್ರಸಿದ್ಧ. ರಾವಣನಿಗೆ ಪಶ್ಚಾತ್ತಾಪ ಬರಲಿಲ್ಲವೆನ್ನುವಂತಿಲ್ಲ, ಬಂದಿತು. ಅದಕ್ಕೂ ಕಾರ್ಯಕ್ಕೂ ನಡುವೆ ಮರ್ಯಾದೆಯೆಂಬುದು ಅಡ್ಡ ನಿಂತಿತು. ಆಸ್ತಿಯ ಪಾಲಿಗಾಗಿಯೋ ಮದುವೆಯ ಮಾತಿಗಾಗಿಯೋ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳನ್ನು ಬಲ್ಲ ನಮಗೆ ಈ ರಾವಣ ಅಪರಿಚಿತನೇನಲ್ಲ.

1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ ಇನ್ನೂ ಆಳಕ್ಕೆ ಇಳಿಯುತ್ತದೆ. ತಾಯಿಯ ಒತ್ತಾಯಕ್ಕೆ ಮಣಿದ ಅರಸ ಯಶೋಧರ, ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಅರಸ ನಡುಗಿಹೋಗುತ್ತಾನೆ. ಕೈ ಕೊಂದದ್ದು ಹಿಟ್ಟನ್ನಾದರೂ ಮನಸ್ಸು ಕೊಂದದ್ದು ಜೀವವನ್ನೇ ಎಂಬುದು ಜನ್ನನ ಕಾಣ್ಕೆ. ಇದೇ ಕಾವ್ಯದಲ್ಲಿ ರಾಣಿ ಅಮೃತಮತಿ ಇದ್ದಾಳೆ. ಅಷ್ಟಾವಂಕನೆಂಬ ಮಾವತನಿಗೆ ಮನಸೋತ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕೊಂದ ಬಳಿಕವೂ ಅವನ ಸಂಗ ಬಿಡುವುದಿಲ್ಲ. ಹಿಟ್ಟಿನ ಕೋಳಿಗಾಗಿ ನಡುಗುವವನೊಬ್ಬ, ಎರಡು ಕೊಲೆಗೂ ನಡುಗದವಳೊಬ್ಬಳು! ಒಂದೇ ಅರಮನೆಯಲ್ಲಿ ಇಬ್ಬರನ್ನೂ ಇರಿಸಿ ಕವಿ ಸುಮ್ಮನಾಗುವುದಿಲ್ಲ. ಈ ಕಥೆಯನ್ನು ಕೇಳಿದ ಮಾರಿದತ್ತರಾಜ ತಾನು ನಡೆಸಲಿದ್ದ ಬಲಿಯನ್ನೇ ನಿಲ್ಲಿಸುತ್ತಾನೆ. ಪಶ್ಚಾತ್ತಾಪ ಸಾರ್ಥಕವಾಗುವುದು ಎತ್ತಿದ ಕತ್ತಿ ಕೆಳಗಿಳಿದಾಗ.

ಅಮೃತಮತಿಯ ಬಗೆಯ ಬೇಯದ ಮನಸ್ಸನ್ನು ಕುರಿತು ಮನಶ್ಶಾಸ್ತ್ರವೂ ಚಿಂತಿಸಿದೆ. ಅಮೆರಿಕದ ವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿಯೇ ಈ ಬಗ್ಗೆ ಗ್ರಂಥ ಬರೆದರು. ಕೆನಡಾದ ರಾಬರ್ಟ್ ಹೇರ್ ರೂಪಿಸಿದ 20 ಲಕ್ಷಣಗಳ ಪರೀಕ್ಷಾಪಟ್ಟಿಯಲ್ಲಿ ಪಶ್ಚಾತ್ತಾಪದ ಅಭಾವವೂ ಒಂದು. ಅದನ್ನು ಬಳಸಬೇಕಾದವರು ತರಬೇತಿ ಪಡೆದ ತಜ್ಞರು. ನಮ್ಮ ಭಾವಮೈದುನನ ಮೇಲೆ ಪ್ರಯೋಗಿಸತಕ್ಕದ್ದಲ್ಲ! ಅಂಥ ವ್ಯಕ್ತಿಗಳು ವಿರಳ. ಸಾಮಾನ್ಯರಾದ ನಾವು ಬೇರೊಂದು ದಾರಿಯಿಂದ ಅದೇ ಸ್ಥಿತಿಯನ್ನು ಮುಟ್ಟುತ್ತೇವೆಂಬುದನ್ನು ಆಲ್ಬರ್ಟ್ ಬಂಡೂರ ವಿವರಿಸಿದ್ದಾರೆ. ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರಿಡುವುದು, ಮೇಲಿನವರ ಆಜ್ಞೆಯೆನ್ನುವುದು, ಎಲ್ಲರೂ ಮಾಡುತ್ತಾರೆನ್ನುವುದು, ನೊಂದವರದೇ ತಪ್ಪೆನ್ನುವುದು, ಕೊನೆಗೆ ಅವರು ನಮ್ಮಂಥ ಮನುಷ್ಯರೇ ಅಲ್ಲವೆನ್ನುವುದು. ಇವುಗಳ ಬಲದಿಂದ ಸಜ್ಜನನೂ ರಾತ್ರಿ ಸುಖವಾಗಿ ನಿದ್ರಿಸಬಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ಕಳಿಂಗ ಯುದ್ಧದ ಬಳಿಕ ಅಶೋಕ ಪಟ್ಟ ಸಂತಾಪವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಒಂದೂವರೆ ಲಕ್ಷ ಜನ ಸೆರೆಯಾದರು, ಒಂದು ಲಕ್ಷ ಜನ ಹತರಾದರು, ಅದರ ಹಲವು ಮಡಿ ಸತ್ತರು ಎಂದು ತನ್ನ 13ನೆಯ ಶಿಲಾಶಾಸನದಲ್ಲಿ ಅವನೇ ಲೆಕ್ಕವೊಪ್ಪಿಸುತ್ತಾನೆ. ಗೆದ್ದ ಅರಸನೊಬ್ಬ ತನ್ನ ಗೆಲುವಿಗಾಗಿ ಮರುಗಿ ಕಲ್ಲಿನಲ್ಲಿ ಕೆತ್ತಿಸಿದ್ದು ಅಪೂರ್ವ ಸಂಗತಿಯೇ ಸರಿ. ಈ ಶಾಸನ ಗಿರಿನಾರದಲ್ಲಿದೆ, ಕಾಲ್ಸಿಯಲ್ಲಿದೆ, ನಮ್ಮ ಬಳ್ಳಾರಿಯ ಸೀಮೆಗೆ ಬಹುದೂರವಲ್ಲದ ಎರ್ರಗುಡಿಯಲ್ಲಿಯೂ ಇದೆ. ಆದರೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ! ಅಲ್ಲಿ 11ರಿಂದ 13ರವರೆಗಿನ ಶಾಸನಗಳನ್ನು ಬಿಟ್ಟು, ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಸಾರುವ ಎರಡು ಬೇರೆ ಶಾಸನಗಳನ್ನು ಹಾಕಿಸಿದ. ಹಳೆಯ ಗಾಯವನ್ನು ಕೆದಕಬಾರದೆಂಬ ವಿವೇಕವೋ, ರಾಜನೀತಿಯ ಎಚ್ಚರಿಕೆಯೋ, ಅವರವರ ಭಾವಕ್ಕೆ ಬಿಟ್ಟದ್ದು. ಲೋಕಕ್ಕೆಲ್ಲ ಕೇಳಿಸಿದ ಪಶ್ಚಾತ್ತಾಪ ನೊಂದವರ ನೆಲದಲ್ಲಿ ಮಾತ್ರ ಕೆತ್ತಲ್ಪಡಲಿಲ್ಲವೆಂಬುದು ನಿಜ.

ನಾವು ಈಗ ನಿಂತಿರುವ ನೆಲಕ್ಕೆ ಸೇರಿದ ನಿದರ್ಶನವೂ ಉಂಟು. ಬಾಂಗ್ಸಾರ್ ಒಂದು ಕಾಲಕ್ಕೆ ರಬ್ಬರ್ ತೋಟವಾಗಿತ್ತು. ಮಲಯದ ಇಂಥ ತೋಟಗಳಿಂದ ಸಾವಿರಾರು ತಮಿಳು ಕೂಲಿಗಳನ್ನು 1942–43ರಲ್ಲಿ ಜಪಾನಿ ಸೈನ್ಯ ಸಯಾಂ-ಬರ್ಮಾ ರೈಲುದಾರಿಯ ಕೆಲಸಕ್ಕೆ ಸಾಗಿಸಿತು. ಆ ಸುಮಾರು 415 ಕಿಲೋಮೀಟರಿನ ದಾರಿಗಾಗಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳೂ ಅದರ ಹಲವು ಪಟ್ಟು ಏಷ್ಯದ ಕೂಲಿಗಳೂ ಪ್ರಾಣ ತೆತ್ತರು. ಸೆರೆಯಾಳಾಗಿ ಚಿತ್ರಹಿಂಸೆಗೊಳಗಾದ ಬ್ರಿಟಿಷ್ ಅಧಿಕಾರಿ ಎರಿಕ್ ಲೋಮ್ಯಾಕ್ಸ್, ಆ ವಿಚಾರಣೆಯಲ್ಲಿ ದುಭಾಷಿಯಾಗಿದ್ದ ನಾಗಾಸೆ ತಕಾಶಿಯನ್ನು ದಶಕಗಳ ಕಾಲ ದ್ವೇಷಿಸಿದರು. ಇತ್ತ ನಾಗಾಸೆ ಪಶ್ಚಾತ್ತಾಪದಿಂದ ಬೆಂದು, ಥೈಲ್ಯಾಂಡಿಗೆ ಮತ್ತೆ ಮತ್ತೆ ಬಂದು, ಕಾಂಚನಬುರಿಯಲ್ಲಿ ಗುಡಿಯನ್ನೂ ಕಟ್ಟಿಸಿದ್ದರು. ಅಲ್ಲಿನ ಸಮಾಧಿಗಳ ಮುಂದೆ ತಮಗೆ ಕ್ಷಮೆ ದೊರೆತಂತೆ ಭಾಸವಾಯಿತೆಂದು ಪುಸ್ತಕದಲ್ಲಿ ಬರೆದರು. ಅದನ್ನೋದಿದ ಲೋಮ್ಯಾಕ್ಸರ ಪತ್ನಿ ಪತ್ರ ಬರೆದು ಕೇಳಿದ ಪ್ರಶ್ನೆಯ ತಿರುಳು ಇಷ್ಟೇ: ಹಿಂಸೆಪಟ್ಟವನು ಇನ್ನೂ ಕ್ಷಮಿಸದಿರುವಾಗ ನಿಮಗೆ ಕ್ಷಮೆ ದೊರೆತುದು ಹೇಗೆ? ಆ ಪತ್ರದಿಂದಲೇ ದಾರಿ ತೆರೆಯಿತು. 1993ರಲ್ಲಿ ಕ್ವಾಯ್ ನದಿಯ ಸೇತುವೆಯ ಬಳಿ ಇಬ್ಬರು ಮುದುಕರೂ ಭೇಟಿಯಾದರು. ಒಬ್ಬರು ಬೇಡಿದರು, ಇನ್ನೊಬ್ಬರು ಕ್ಷಮಿಸಿದರು. ಕೈದಿಗಳಿಗಾದರೋ ಹೆಸರು ಕೆತ್ತಿದ ಸಮಾಧಿಗಳಿವೆ. ತೋಟದ ಕೂಲಿಗಳಲ್ಲಿ ಬಹುಮಂದಿಗೆ ಹೆಸರಿನ ಗುರುತೂ ಉಳಿಯಲಿಲ್ಲ. ಅವರ ಕ್ಷಮೆಯನ್ನು ಯಾರು ಎಲ್ಲಿ ಬೇಡಬೇಕು?

ಬಂಧುಗಳೇ, ಪಶ್ಚಾತ್ತಾಪಕ್ಕೂ ಅವಧಿಯುಂಟು. ನೊಂದವರು ಬದುಕಿರುವತನಕ ಮಾತ್ರ ಅದು ಅವರನ್ನು ಮುಟ್ಟಬಲ್ಲದು. ದೂರದೇಶದಲ್ಲಿರುವ ನಮಗೆ ಈ ಮಾತು ಇನ್ನಷ್ಟು ತಟ್ಟಬೇಕು. ಊರಿನಲ್ಲಿ ಮುನಿಸಿಕೊಂಡು ಬಂದವರ ಮುಖವನ್ನು ಎಂದೋ ಒಂದು ರಜೆಯಲ್ಲಿ ನೋಡಿದರಾಯಿತೆಂದು ನಾವು ಕಾಲ ಕಳೆಯುತ್ತೇವೆ. ಹಾಗೆಯೇ, ತುಟಿಯಂಚಿನಲ್ಲಿ ‘ಸಾರಿ’ ಎಂದು ಹೇಳಿ ಓಡುವ ಮಗುವಿಗೆ, ನಿನ್ನಿಂದ ಯಾರಿಗೆ ಏನಾಯಿತು, ಈಗ ಏನು ಮಾಡಬಲ್ಲೆ ಎಂಬೆರಡು ಪ್ರಶ್ನೆಗಳನ್ನು ಕಲಿಸಬೇಕು. ಮಕ್ಕಳ ಮುಂದೆ ನಾವೂ ಒಮ್ಮೆ ತಪ್ಪೊಪ್ಪಿಕೊಂಡರೆ ಪಾಠ ಬೇಗ ಹತ್ತುತ್ತದೆ.

ಕೊನೆಗೆ ಆ ಹುಲಿಯ ಪ್ರಶ್ನೆ. ಹುಲಿಯ ಸಾವಿನಿಂದ ಹಸುವಿಗೆ ಬಂದದ್ದೇನೂ ಇಲ್ಲ. ಅದನ್ನು ಅವಳು ಬೇಡಲೂ ಇಲ್ಲ. ಆದರೆ ಹುಲಿ ಹುಲ್ಲು ತಿಂದು ಬದುಕಲಾರದು. ತನ್ನ ಸ್ವಭಾವವನ್ನು ಕಂಡು ಅಸಹ್ಯಪಟ್ಟ ಮೇಲೆ ಅದಕ್ಕೆ ಬೇರೆ ದಾರಿಯಿರಲಿಲ್ಲ. ಮನುಷ್ಯನಿಗೆ ಬೇರೆ ದಾರಿಯುಂಟು: ಅವನು ಸಾಯಬೇಕಾಗಿಲ್ಲ, ಬದಲಾದರೆ ಸಾಕು. ಮಕ್ಕಳು ಇನ್ನೊಮ್ಮೆ ಕೇಳಿದಾಗ ಈ ಉತ್ತರವನ್ನು ಕೊಟ್ಟು ನೋಡೋಣ.