ಕುಟುಂಬದ ಹೊರಗೂಟ: ನಿರಾಶೆ ಹುಟ್ಟುವುದೆಲ್ಲಿ?

ಹೋಟೆಲ್ ಉದ್ದಿಮೆಯ ಲೆಕ್ಕಪುಸ್ತಕದಲ್ಲಿ ಬಾಡಿಗೆ, ಸಂಬಳ, ದಿನಸಿ, ಅಡುಗೆ ಅನಿಲ, ತೆರಿಗೆ ಎಲ್ಲಕ್ಕೂ ಒಂದೊಂದು ಕಲಂ ಇರುತ್ತದೆ. ಒಮ್ಮೆ ಬಂದು ಅಸಮಾಧಾನದಿಂದ ಹಿಂತಿರುಗಿ, ಮತ್ತೆಂದೂ ಬಾರದ ಕುಟುಂಬದಿಂದಾಗುವ ನಷ್ಟಕ್ಕೆ ಮಾತ್ರ ಕಲಂ ಇಲ್ಲ. ಆಹಾರೋದ್ಯಮದಲ್ಲಿ ತೊಡಗಿರುವವರು ಗಂಭೀರವಾಗಿ ಪರಿಗಣಿಸಬೇಕಾದ ನಷ್ಟ ಇದು.

ಉದಾಹರಣೆಗಾಗಿ ಮಂಗಳೂರಿನ ಕುಲಶೇಖರದ ಐವರ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಮಗಳ ಪರೀಕ್ಷಾ ಫಲಿತಾಂಶದ ಸಂತೋಷಕ್ಕೆಂದು ತಂದೆ, ತಾಯಿ, ಇಬ್ಬರು ಮಕ್ಕಳು ಮತ್ತು ಅಜ್ಜಿ ಭಾನುವಾರ ರಾತ್ರಿ ನಂತೂರು ದಾಟಿ ಪೇಟೆಯ ಒಂದು ಸರಣಿ ರೆಸ್ಟೋರೆಂಟಿಗೆ ಹೋಗುತ್ತಾರೆ. ಮೇಜು ಸಿಗಲು ಅರ್ಧ ಗಂಟೆ ಕಾಯಬೇಕಾಗುತ್ತದೆ. ಮಕ್ಕಳ ನೂಡಲ್ಸ್ ಮುಗಿದ ಮೇಲೆ ಹಿರಿಯರ ರೊಟ್ಟಿ ಬರುತ್ತದೆ. ರೊಟ್ಟಿ ತಣಿದ ಮೇಲೆ ಪಲ್ಯ. ಅಜ್ಜಿಗೆ ಖಾರ ಕಡಿಮೆ ಇರಲಿ ಎಂದು ಎರಡು ಬಾರಿ ಹೇಳಿದ್ದರೂ ಬಂದದ್ದು ಎಂದಿನ ಖಾರವೇ. ಬಿಲ್ಲು ತಂದ ಸಿಬ್ಬಂದಿ ಊಟ ಹೇಗಿತ್ತೆಂದು ಕೇಳಿದಾಗ ತಂದೆಯ ಉತ್ತರ ಒಂದೇ ಪದ: "ಪರವಾಗಿಲ್ಲ." ಮನೆಗೆ ಮರಳಿದ ಅಜ್ಜಿ ಗಂಜಿ, ಉಪ್ಪಿನಕಾಯಿ ಉಂಡು ಮಲಗುತ್ತಾರೆ. ಇಲ್ಲಿ ಯಾರೂ ಜಗಳವಾಡಲಿಲ್ಲ, ದೂರನ್ನೂ ಬರೆಯಲಿಲ್ಲ. ಆದರೂ ಆ ರೆಸ್ಟೋರೆಂಟು ಐದು ಗ್ರಾಹಕರನ್ನು ಕಳೆದುಕೊಂಡಿತು.

ಏಕರೂಪದ ರುಚಿ

ಕರ್ನಾಟಕಕ್ಕೆ ಅಂತರರಾಷ್ಟ್ರೀಯ ಆಹಾರ ಸರಣಿಗಳು ಬಂದದ್ದು 1990ರ ದಶಕದ ನಡುಭಾಗದಲ್ಲಿ. 1995ರಲ್ಲಿ ಕೆಎಫ್‌ಸಿ ಬೆಂಗಳೂರಿನಲ್ಲಿ ತನ್ನ ಮಳಿಗೆಯನ್ನು ತೆರೆಯಿತು. ಅನಂತರ ದೇಶೀಯ ಸರಣಿಗಳೂ ಬೆಳೆದು, ಮಾಲ್‌ಗಳ ಜೊತೆಗೆ ಮಂಗಳೂರಿನಂತಹ ನಗರಗಳನ್ನು ತಲುಪಿದವು.

ಇಂತಹ ಸಂಸ್ಥೆಗಳ ಬಂಡವಾಳವೇ ಏಕರೂಪತೆ. ಯಾವ ಊರಿನ ಶಾಖೆಗೆ ಹೋದರೂ ಅದೇ ರುಚಿ, ಅದೇ ಪ್ರಮಾಣ ದೊರೆಯಬೇಕು. ಇದಕ್ಕಾಗಿ ಅನೇಕ ಸರಣಿಗಳಲ್ಲಿ ಮಸಾಲೆ, ಸಾಸ್ ಮತ್ತು ಗ್ರೇವಿಗಳನ್ನು ಕೇಂದ್ರ ಅಡುಗೆಮನೆಯಲ್ಲಿ ಸಿದ್ಧಪಡಿಸಿ, ಶೈತ್ಯೀಕರಿಸಿ ಶಾಖೆಗಳಿಗೆ ಕಳುಹಿಸಲಾಗುತ್ತದೆ. ಶಾಖೆಯಲ್ಲಿ ನಡೆಯುವುದು ಹೆಚ್ಚಾಗಿ ಬಿಸಿಮಾಡುವ, ಜೋಡಿಸುವ ಕೆಲಸ. ಖಾರವು ಗ್ರೇವಿಯಲ್ಲಿ ಮೊದಲೇ ಬೆರೆತಿರುವುದರಿಂದ ಅಜ್ಜಿಯ ಕೋರಿಕೆಯನ್ನು ನಡೆಸಿಕೊಡಲು ಅಲ್ಲಿನ ಅಡುಗೆಯವನಿಗೆ ಸಾಧ್ಯವೇ ಇರುವುದಿಲ್ಲ. ಅದನ್ನು ಸ್ಪಷ್ಟವಾಗಿ ತಿಳಿಸದೆ "ಆಯಿತು" ಎಂದು ಬರೆದುಕೊಂಡು ಹೋದದ್ದು ಮಾತ್ರ ತಪ್ಪು.

ಏಕರೂಪತೆಯೇ ದೋಷವೆಂದು ಭಾವಿಸಬೇಕಾಗಿಲ್ಲ. ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೇರಿ ಇರುವುದು ಇದೇ ಕುಲಶೇಖರದಲ್ಲಿ. ನೂರಾರು ಹಳ್ಳಿಗಳ ಹಾಲು ಅಲ್ಲಿ ಒಂದಾಗಿ, ನಂದಿನಿ ಪೊಟ್ಟಣಗಳಲ್ಲಿ ಪ್ರತಿದಿನವೂ ಒಂದೇ ಗುಣಮಟ್ಟದಲ್ಲಿ ಮನೆಮನೆಗೆ ತಲುಪುತ್ತದೆ. ಟೋನ್ಡ್ ಹಾಲೆಂದರೆ ಕನಿಷ್ಠ ಶೇ. 3 ಜಿಡ್ಡು, ಶೇ. 8.5 ಜಿಡ್ಡೇತರ ಘನಾಂಶ ಇರಲೇಬೇಕು. ಅಲ್ಲಿ ಕೊಡುವ ಮಾತು ಅಳತೆಗೆ ಸಿಗುವಂಥದ್ದು, ಪೊಟ್ಟಣದ ಮೇಲೆ ಅಚ್ಚಾಗಿರುವಂಥದ್ದು. ಸರಣಿ ರೆಸ್ಟೋರೆಂಟು ತಟ್ಟೆಯ ತೂಕವನ್ನು ಹಾಗೆಯೇ ಅಳೆಯುತ್ತದೆ. ಆದರೆ ಕಾಯುವ ಹೊತ್ತು, ಬಡಿಸುವ ಕ್ರಮ, ಹಿರಿಯರ ಪಥ್ಯ ಇವು ಅದರ ಅಳತೆಗೆ ಹೊರಗೆ ಉಳಿಯುತ್ತವೆ. ಕುಟುಂಬದ ಊಟವು ಚೆನ್ನಾಗಿರುವುದೂ ಕೆಡುವುದೂ ಇವುಗಳಿಂದಲೇ.

ತಡವೇಕೆ?

ರೆಸ್ಟೋರೆಂಟಿನ ಸಾಮರ್ಥ್ಯವನ್ನು ಜನರು ಕುರ್ಚಿಗಳ ಸಂಖ್ಯೆಯಿಂದ ಅಂದಾಜಿಸುತ್ತಾರೆ. ನಿಜವಾದ ಸಾಮರ್ಥ್ಯವಿರುವುದು ಒಲೆಗಳಲ್ಲಿ. ತಂದೂರಿ, ಚೀನೀ ತಿನಿಸು, ಗ್ರೇವಿ ಪ್ರತಿಯೊಂದಕ್ಕೂ ಪ್ರತ್ಯೇಕ ಒಲೆ, ಪ್ರತ್ಯೇಕ ಸರದಿ ಇರುತ್ತದೆ. ಭಾನುವಾರ ರಾತ್ರಿ ಎಲ್ಲ ಮೇಜುಗಳೂ ಒಮ್ಮೆಗೇ ತುಂಬಿದಾಗ ಈ ಸರದಿಗಳ ನಡುವಿನ ಹೊಂದಾಣಿಕೆ ತಪ್ಪುತ್ತದೆ. ಸ್ವಿಗ್ಗಿ, ಜೊಮ್ಯಾಟೊ ಮೂಲಕ ಬರುವ ಬೇಡಿಕೆಗಳೂ ಅದೇ ಒಲೆಗಳಿಗೆ ಬಂದು ಸೇರುತ್ತವೆ. ಮೇಜಿನ ಮುಂದೆ ಕುಳಿತ ಗ್ರಾಹಕನಿಗೆ ಆ ಎರಡನೆಯ ಸರದಿ ಕಾಣಿಸುವುದೇ ಇಲ್ಲ.

ಬಿಲ್ಲಿನ ವಿಚಾರ

2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ದರ ಶೇ. 5, ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಇಲ್ಲ. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಹೋಟೆಲುಗಳು ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ.

ಸೇವಾ ಶುಲ್ಕವು ತೆರಿಗೆಯಲ್ಲ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ಪಡೆಯುವಂತಿಲ್ಲ. ಹೋಟೆಲ್ ಸಂಘಟನೆಗಳು ಇದನ್ನು ಪ್ರಶ್ನಿಸಿದ್ದವು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಟನೆಗಳು ಮೇಲ್ಮನವಿ ಸಲ್ಲಿಸಿದವು.

ಲೆಕ್ಕ ಸರಳವಾಗಿದೆ. ರೂ. 2,000ದ ಊಟಕ್ಕೆ ಶೇ. 5 ಜಿಎಸ್‌ಟಿ ಸೇರಿದರೆ ರೂ. 2,100. ಮೊದಲು ಶೇ. 10 ಸೇವಾ ಶುಲ್ಕ ಸೇರಿಸಿ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದರೆ ರೂ. 2,310. ಸೇವೆಯೇ ಸರಿಯಿಲ್ಲವೆಂದು ಬೇಸರಗೊಂಡ ಕುಟುಂಬಕ್ಕೆ ಸೇವೆಯ ಹೆಸರಿನ ಈ ರೂ. 210 ಗಾಯದ ಮೇಲೆ ಉಪ್ಪು ಸವರಿದಂತಾಗುತ್ತದೆ. ಅದನ್ನು ತೆಗೆಯುವಂತೆ ಕೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಕಾನೂನಿನ ಮಿತಿ

ನಿರಾಶೆಗಳೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಸೇವಾ ನ್ಯೂನತೆಗಳಲ್ಲ. ಪೊರೋಟದ ಜೊತೆ ಉಚಿತವಾಗಿ ಗ್ರೇವಿ ಕೊಡಲಿಲ್ಲವೆಂದು ಕೇರಳದ ಗ್ರಾಹಕರೊಬ್ಬರು ಸಲ್ಲಿಸಿದ್ದ ದೂರನ್ನು ಎರ್ನಾಕುಲಂ ಜಿಲ್ಲಾ ಗ್ರಾಹಕ ಆಯೋಗವು 2025ರಲ್ಲಿ ತಳ್ಳಿಹಾಕಿತು. ಗ್ರೇವಿ ಕೊಡುವುದಾಗಿ ಹೋಟೆಲು ಮಾತು ಕೊಟ್ಟಿರಲಿಲ್ಲ, ಆದ್ದರಿಂದ ಮಾತು ತಪ್ಪಿದಂತೆಯೂ ಆಗಲಿಲ್ಲ ಎಂಬುದು ಅದರ ತಿರುಳು. ಕೆಟ್ಟ ಆಹಾರ, ತಪ್ಪು ಜಾಹೀರಾತು, ಅಕ್ರಮ ವಸೂಲಿ ಇವುಗಳಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪರಿಹಾರವಿದೆ. ತಣಿದ ರೊಟ್ಟಿಗೂ, ಕೆಟ್ಟುಹೋದ ಒಂದು ಸಂಜೆಗೂ ಸಾಮಾನ್ಯವಾಗಿ ಗ್ರಾಹಕನು ವಿಧಿಸುವ ಶಿಕ್ಷೆ ಒಂದೇ. ಅವನು ಮತ್ತೆ ಬರುವುದಿಲ್ಲ.

ಸ್ಥಳೀಯ ಉದ್ದಿಮೆಗೆ ಪಾಠ

ಕರಾವಳಿಯ ಹೋಟೆಲ್ ಪರಂಪರೆಯಲ್ಲಿ ಧಣಿಯು ಗಲ್ಲಾಪೆಟ್ಟಿಗೆಯ ಮೇಲೆ ಕುಳಿತಿರುತ್ತಿದ್ದುದು ಹಣ ಎಣಿಸುವುದಕ್ಕೆ ಮಾತ್ರವಲ್ಲ. ಒಳಗೆ ಮರಳುವ ಎಲೆಯಲ್ಲಿ ಏನು ಉಳಿದಿದೆ ಎಂಬುದು ಅವರಿಗೆ ಕಾಣುತ್ತಿತ್ತು. ಗ್ರಾಹಕನು "ಪರವಾಗಿಲ್ಲ" ಎಂದರೂ ಎಲೆ ಸತ್ಯವನ್ನೇ ಹೇಳುತ್ತಿತ್ತು. ಮರುದಿನದ ಸಾಂಬಾರು ಅದರಂತೆ ಬದಲಾಗುತ್ತಿತ್ತು. ಸರಣಿಯಲ್ಲಿ ಪಾಕವನ್ನು ನಿರ್ಧರಿಸುವವರು ಬೇರೆ ಊರಿನಲ್ಲಿರುತ್ತಾರೆ. ಅಜ್ಜಿಯ ತಟ್ಟೆ ಅವರ ಕಣ್ಣಿಗೆ ಬೀಳುವುದಿಲ್ಲ.

ಹೀಗಿದ್ದರೂ ಸರಣಿಗಳಿಂದ ಕಲಿಯಬೇಕಾದುದೂ ಸಾಕಷ್ಟಿದೆ. ಸ್ವಚ್ಛತೆ, ಅಳತೆಯ ಶಿಸ್ತು, ಸ್ಪಷ್ಟವಾದ ದರಪಟ್ಟಿ, ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇವು ಪ್ರತಿಯೊಂದು ಹೋಟೆಲಿನಲ್ಲಿಯೂ ಇರಬೇಕಾದವು. ಇವುಗಳ ಜೊತೆಗೆ ಸ್ಥಳೀಯ ಹೋಟೆಲುಗಳು ಮೂರು ಕ್ರಮಗಳನ್ನು ಪಾಲಿಸಿದರೆ ಸಾಕು. ಕಾಯಬೇಕಾದ ಹೊತ್ತನ್ನು ಮೊದಲೇ ನಿಜವಾಗಿ ತಿಳಿಸಬೇಕು. ಒಂದು ಮೇಜಿನವರಿಗೆಲ್ಲ ಒಟ್ಟಿಗೆ ಬಡಿಸಬೇಕು. ಮಾಡಿಕೊಡಲು ಆಗದ್ದನ್ನು ಆಗದೆಂದು ಹೇಳಿ, ಅಜ್ಜಿಯಂತಹವರಿಗೆ ಒಗ್ಗುವ ಮತ್ತೊಂದನ್ನು ಸೂಚಿಸಬೇಕು. ಮೂರಕ್ಕೂ ಹೊಸ ಬಂಡವಾಳ ಬೇಕಾಗಿಲ್ಲ.

ಕುಲಶೇಖರದಿಂದ ಹೊರಟ ಆ ಕುಟುಂಬ ಮುಂದಿನ ಸಂತೋಷಕ್ಕೂ ಎಲ್ಲಾದರೊಂದು ಕಡೆ ಊಟಕ್ಕೆ ಹೋಗಿಯೇ ಹೋಗುತ್ತದೆ. ಅಂದು ಅಜ್ಜಿಯೂ ಹೊಟ್ಟೆ ತುಂಬ ಉಂಡು ಏಳುವಂತಹ ಹೋಟೆಲಿಗೆ ಆ ಐವರೂ ಮರಳಿ ಬರುತ್ತಾರೆ.