ವಿಲೋ ಮರದಡಿಯ ಶೊಪಾನ್, ಮೂರು ಕಮಾನು

ಭಾನುವಾರ. ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಅರ್ಧ ಗಂಟೆಯಿದೆ, ವಾರ್ಸಾದ ವಾಜೆಂಕಿ ಉದ್ಯಾನದ ಬೆಂಚುಗಳು ಆಗಲೇ ಭರ್ತಿ. ತಡವಾಗಿ ಬಂದವರು ಗುಲಾಬಿ ಪಾತಿಗಳಾಚೆ ಹುಲ್ಲಿನ ಮೇಲೆ ಚಾದರ ಹಾಸಿದ್ದಾರೆ. ದುಂಡನೆಯ ಕೊಳದ ಆ ಬದಿಗೆ ಕಂಚಿನ ಶೊಪಾನ್, ಪೋಲೆಂಡಿನ ಸ್ವರಸಂಯೋಜಕ. ಗಾಳಿಗೆ ಬಾಗಿದ ವಿಲೋ ಮರದಡಿ ಏನನ್ನೋ ಆಲಿಸುವವನಂತೆ ಕೂತಿದ್ದಾನೆ. ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದೆ: ಕೊಂಬೆಗಳು ಪಿಯಾನೋ ಮೇಲೆ ಹರಡಿದ ಬೆರಳುಗಳ ಹಾಗಿವೆ.

ಶಿಲ್ಪಿ ವಾತ್ಸ್ವಾಫ್ ಶಿಮನೋವ್‌ಸ್ಕಿ ಇದನ್ನು ರೂಪಿಸಿದಾಗ ವಾರ್ಸಾ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು. 1795ರಿಂದ 1918ರವರೆಗೆ, 123 ವರ್ಷ, ಭೂಪಟದಲ್ಲಿ ಸ್ವತಂತ್ರ ಪೋಲೆಂಡೇ ಇರಲಿಲ್ಲ. ಆ ಕಾಲದಲ್ಲಿ ಶೊಪಾನನ ಮಜುರ್ಕಾ, ಅಂದರೆ ಪೋಲಿಷ್ ಕುಣಿತದ ಧಾಟಿ, ನುಡಿಸುವುದೆಂದರೆ ನಾಡಿನ ಹೆಸರು ಹೇಳಿದಂತೆ. ಪ್ರತಿಮೆ ನಿಂತದ್ದು 1926ರಲ್ಲಿ. ಹದಿನಾಲ್ಕೇ ವರ್ಷ ಬಾಳಿತು. 1940ರ ಮೇ 31ರಂದು ನಾಜಿಗಳು ಅದನ್ನು ಸ್ಫೋಟಿಸಿ, ಕಂಚನ್ನು ತುಂಡರಿಸಿ ಕರಗಿಸಲು ಸಾಗಿಸಿದರು. ಖಡ್ಗ ಹಿಡಿದ ಸೇನಾಪತಿಯಲ್ಲ, ಸಂಗೀತಗಾರ! ಅವನಿಗೂ ಅವರು ಹೆದರಿದ್ದರು ಎಂದೇ ನನಗನ್ನಿಸುತ್ತದೆ.

ಪೀಠದ ಬಳಿ ಹೋಗಿ ನಿಂತರೆ ಮೈ ಜುಮ್ಮೆನ್ನುತ್ತದೆ. ಕೆಡವಿದವರು ಯಾರು, ಯಾವತ್ತು ಎಂಬುದನ್ನು ಅಲ್ಲೇ ಕೆತ್ತಿಟ್ಟಿದ್ದಾರೆ. ಮರಳಿ ಕಟ್ಟುತ್ತಿರುವುದು ಇಡೀ ನಾಡು ಎಂದೂ ಇದೆ. ಅದರ ಕೆಳಗಿನ ವರ್ಷ 1946. ನಗರವೇ ಇಟ್ಟಿಗೆ ರಾಶಿಯಾಗಿ ಬಿದ್ದಿದ್ದಾಗ ಕೊಟ್ಟ ಮಾತು ಅದು. 1958ರಲ್ಲಿ ಪ್ರತಿಮೆ ಮತ್ತೆ ನಿಂತಿತು, ಮಾತು ಉಳಿಯಿತು. ಮರುವರ್ಷದಿಂದ ಬೇಸಿಗೆಯ ಭಾನುವಾರಗಳಂದು ಇಲ್ಲಿ ಪಿಯಾನೋ ಕಛೇರಿ. ಟಿಕೆಟ್ ಇಲ್ಲ. ಮೊದಲ ಸ್ವರ ಕೇಳಿದ್ದೇ ತಡ, ಐಸ್‌ಕ್ರೀಂ ಹಿಡಿದ ಮಕ್ಕಳೂ ಗಪ್‌ಚಿಪ್.

ಉತ್ತರಕ್ಕೆ ಹೋಗುವ ದಾರಿಯಲ್ಲಿ ಹೋಲಿ ಕ್ರಾಸ್ ಚರ್ಚ್. ಪ್ಯಾರಿಸ್ಸಿನಲ್ಲಿ 1849ರಲ್ಲಿ ತೀರಿಕೊಂಡ ಶೊಪಾನನ ದೇಹ ಅಲ್ಲೇ ಮಣ್ಣಾಯಿತು. ಹೃದಯವನ್ನು ಅವನ ಅಕ್ಕ ಲುದ್ವಿಕಾ ಊರಿಗೆ ತಂದಳು. ಅದು ಈ ಚರ್ಚಿನ ಕಂಬವೊಂದರೊಳಗಿದೆ.

ಇನ್ನೂ ಸ್ವಲ್ಪ ನಡೆದರೆ ಸ್ಯಾಕ್ಸನ್ ಉದ್ಯಾನ. 1727ರಲ್ಲೇ ಜನರಿಗೆ ತೆರೆದದ್ದು. ಸಾಲುಮರಗಳ ಹಾದಿಯ ತುದಿಯಲ್ಲಿ ಮೂರು ಕಮಾನುಗಳಿವೆ, ಅರಮನೆ ಇಲ್ಲ. 1944ರ ಡಿಸೆಂಬರಿನಲ್ಲಿ ಜರ್ಮನ್ನರು ಸ್ಯಾಕ್ಸನ್ ಅರಮನೆಯನ್ನು ಸಿಡಿಸಿದಾಗ ಉಳಿದದ್ದು ಇಷ್ಟೇ. 1925ರಿಂದ ಹೆಸರರಿಯದ ಸೈನಿಕನೊಬ್ಬ ಮಲಗಿರುವುದು ಸರಿಯಾಗಿ ಅದೇ ಕಮಾನುಗಳ ಕೆಳಗೆ. ಶೊಪಾನನನ್ನು ಇದ್ದ ಹಾಗೆಯೇ ಮತ್ತೆ ಎರಕ ಹೊಯ್ದವರು ಇದನ್ನು ಮಾತ್ರ ಮುರುಕಾಗಿಯೇ ಉಳಿಸಿಕೊಂಡರು.

ಗೋಡೆಯ ಫಲಕಗಳ ಮೇಲೆ ಯುದ್ಧಭೂಮಿಗಳ ಹೆಸರು, ನಡುವೆ ಆರದ ಜ್ವಾಲೆ, ಎರಡು ಬದಿಗೆ ಅಲುಗಾಡದ ಕಾವಲುಗಾರರು. ಗಂಟೆ ಬಾರಿಸುತ್ತದೆ, ಕಾವಲು ಬದಲಾಗುತ್ತದೆ. ಅಜ್ಜಿಯೊಬ್ಬರು ಕೈಚೀಲ ನೆಲಕ್ಕಿಟ್ಟು, ಹೊಸ ಕಾವಲಿನವರು ನಿಂತು ಮುಗಿಯುವವರೆಗೂ ತಾವೂ ನೆಟ್ಟಗೆ ನಿಂತಿದ್ದರು.